ಹಳೆಯ ಫ್ರೆಂಚ್ ನೆಲದ ಲೆಕ್ಕ ಅಂಚಿನ ಟೈಲುಗಳಿಂದ ಆರಂಭವಾಗಬೇಕು

ಫ್ರಾನ್ಸಿನ ಲಿಯೋನ್ ನಗರದ ಸಮೀಪ, ಕೆಡವಲಿರುವ ಹಳೆಯ ಮನೆಗಳ ನೆಲವನ್ನು ಎಬ್ಬಿಸಿ, ಟೈಲುಗಳನ್ನು ಶುಚಿಗೊಳಿಸಿ, ಬೇರೊಂದು ಮನೆಗೆ ಹೊಂದಿಸಿಕೊಡುವ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಮೆಚ್ಚಿದ ವಿನ್ಯಾಸ ಎಷ್ಟು ಚದರ ಮೀಟರ್ ಇದೆ ಎಂದು ನಮ್ಮಲ್ಲಿಗೆ ಬರುವ ಬಹುತೇಕರು ಮೊದಲು ಕೇಳುತ್ತಾರೆ. ಅಂಗಡಿಯ ಹೊಸ ಟೈಲಿಗೆ ಅಷ್ಟು ತಿಳಿದರೆ ಸಾಕು. ನೂರು ವರ್ಷ ದಾಟಿದ ನೆಲದಲ್ಲಿ ಅಂಚಿನ ಟೈಲುಗಳು ಎಷ್ಟು ಉಳಿದಿವೆ ಎಂಬುದನ್ನು ಮೊದಲು ಎಣಿಸಬೇಕೆಂದು ಈ ಕೆಲಸ ನನಗೆ ಕಲಿಸಿದೆ.

ಪಾರೇ-ಲ-ಮೋನಿಯಾಲ್ ಎಂಬ ಊರಿನಲ್ಲಿ ಪೋಲ್ ಶಾರ್ನೋ 1877ರಲ್ಲಿ ಸ್ಥಾಪಿಸಿದ ಕಾರ್ಖಾನೆಯ ಟೈಲುಗಳು ನಮ್ಮ ಭಾಗದಲ್ಲಿ ಹೆಚ್ಚಾಗಿ ಸಿಗುತ್ತವೆ. ಉತ್ತರದ ಮೋಬಜ್‌ನಲ್ಲಿ ಬೋಕ್ ಸಹೋದರರು, ಓನಯ್‌ನಲ್ಲಿ ಬುಲಾಂಜೆ ಮನೆತನದವರು ಮಾಡಿಸಿದವೂ ಬರುತ್ತವೆ. ಟೈಲಿನ ಬೆನ್ನಿಗೆ ಅಂಟಿದ ಗಾರೆಯನ್ನು ಬಿಡಿಸಿದಾಗ ಕಾರ್ಖಾನೆಯ ಹೆಸರು ಉಬ್ಬಕ್ಷರಗಳಲ್ಲಿ ಕಾಣಿಸುವುದುಂಟು. ಬೇರೆ ಬೇರೆ ಬಣ್ಣದ ಜೇಡಿಮಣ್ಣಿನ ಪುಡಿಯನ್ನು ಲೋಹದ ತೆಳು ಗೋಡೆಗಳಿದ್ದ ಅಚ್ಚಿನಲ್ಲಿ ತುಂಬಿ, ಗೋಡೆಗಳನ್ನು ಮೇಲೆತ್ತಿ, ಹಿಂಬದಿಗೆ ಸಾಧಾರಣ ಮಣ್ಣನ್ನು ಹಾಕಿ, ಯಂತ್ರದಿಂದ ಬಲವಾಗಿ ಒತ್ತಿ, ಮಣ್ಣಿನ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವಷ್ಟು ಕಾವಿನಲ್ಲಿ ಸುಡುತ್ತಿದ್ದರು. ಬಣ್ಣವು ಕೆಲವು ಮಿಲಿಮೀಟರ್ ಆಳದವರೆಗೂ ಇರುವುದರಿಂದ ಮೂರು ತಲೆಮಾರು ಓಡಾಡಿದರೂ ಚಿತ್ರ ಅಳಿಸಿಹೋಗುವುದಿಲ್ಲ. ಮೇಲೆ ಗಾಜಿನ ಲೇಪವಿಲ್ಲ, ಅದರ ಅಗತ್ಯವೂ ಇಲ್ಲ.

ಇದೇ ಬಗೆಯ ಚಿತ್ರಗಳಿರುವ ಸಿಮೆಂಟ್ ಟೈಲುಗಳೂ ಫ್ರಾನ್ಸಿನಲ್ಲಿ ಹೇರಳವಾಗಿವೆ. ಎರಡನ್ನೂ ಒಂದೇ ರಾಶಿಗೆ ಹಾಕಿ ಮಾರುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಸಿಮೆಂಟ್ ಟೈಲನ್ನು ಸುಟ್ಟಿರುವುದಿಲ್ಲ; ಅದು ಎಣ್ಣೆಯನ್ನೂ ಕಾಫಿಯನ್ನೂ ಹೀರಿಕೊಳ್ಳುತ್ತದೆ, ಆಮ್ಲ ಬಿದ್ದರೆ ಮೇಲ್ಮೈ ಸವೆದು ಮಂಕಾಗುತ್ತದೆ. ಅನುಮಾನವಿದ್ದಾಗ ಮುರಿದ ತುಂಡೊಂದರ ಹೊಸ ಮುರಿತದ ಮೇಲೆ ಒಂದು ಹನಿ ವಿನೆಗರ್ ಬಿಡುತ್ತೇನೆ. ಸಿಮೆಂಟಾದರೆ ಸಣ್ಣ ನೊರೆ ಏಳುತ್ತದೆ, ಸುಟ್ಟ ಮಣ್ಣಿನ ಟೈಲು ಸುಮ್ಮನಿರುತ್ತದೆ. ಬೆನ್ನಿನ ಮೇಲೆ ಈ ಪರೀಕ್ಷೆ ಮಾಡಬಾರದು, ಅಲ್ಲಿ ಉಳಿದ ಸುಣ್ಣದ ಗಾರೆಯೇ ನೊರೆಯೆದ್ದು ದಾರಿ ತಪ್ಪಿಸುತ್ತದೆ.

ಇನ್ನು ಅಂಚಿನ ವಿಷಯ. ಈ ನೆಲಗಳನ್ನು ಜಮಖಾನೆಯಂತೆ ರಚಿಸುತ್ತಿದ್ದರು: ನಡುವೆ ಚಿತ್ರದ ಟೈಲು, ಸುತ್ತ ಅಂಚು, ನಾಲ್ಕು ಮೂಲೆಗಳಿಗೆ ಬೇರೆಯೇ ಟೈಲು, ಆಚೆ ಗೋಡೆಯವರೆಗೆ ಒಂದೇ ಬಣ್ಣದ ಸಾದಾ ಟೈಲು. 4.2 ಮೀಟರ್ ಉದ್ದ, 2.8 ಮೀಟರ್ ಅಗಲದ ಕೋಣೆಗೆ 14 ಸೆಂಟಿಮೀಟರ್ ಟೈಲುಗಳನ್ನು ಹಾಸಬೇಕೆಂದುಕೊಳ್ಳಿ. ಉದ್ದಕ್ಕೆ 30, ಅಗಲಕ್ಕೆ 20, ಒಟ್ಟು 600 ಟೈಲು. ಅಂಚು ಗೋಡೆಗೆ ತಾಗಿಕೊಂಡೇ ಬರಬೇಕಾದರೆ ಮೂಲೆಗಳನ್ನು ಬಿಟ್ಟು 92 ನೇರ ಟೈಲುಗಳು ಬೇಕು. ಸಿಕ್ಕಿರುವುದು 80 ಮಾತ್ರ ಎಂದರೆ, ನಡುವಿನ ಟೈಲುಗಳು ಎಷ್ಟೇ ಇದ್ದರೂ ಆ ಜಮಖಾನೆ ಗೋಡೆಯನ್ನು ಮುಟ್ಟಲಾರದು. ಆಗ ಅದನ್ನು 26ಕ್ಕೆ 18 ಟೈಲುಗಳಷ್ಟಕ್ಕೆ ಇಳಿಸಿ, ಉದ್ದದ ಎರಡು ತುದಿಗಳಲ್ಲಿ ಎರಡೆರಡು ಸಾಲು, ಉಳಿದ ಎರಡು ಬದಿಗಳಲ್ಲಿ ಒಂದೊಂದು ಸಾಲು ಸಾದಾ ಟೈಲು ಹಾಕಿದರೆ 80 ನೇರ ಟೈಲುಗಳು ಸರಿಯಾಗಿ ಮುಗಿಯುತ್ತವೆ. ಅಂಚಿನ ಒಳಗೆ ಉಳಿಯುವ 24 ಮತ್ತು 16 ಎರಡೂ ಸಮಸಂಖ್ಯೆಗಳಾದ್ದರಿಂದ, ನಾಲ್ಕು ಟೈಲು ಸೇರಿ ಒಂದು ಹೂವಾಗುವ ಚಿತ್ರ ಎಲ್ಲಿಯೂ ಅರ್ಧಕ್ಕೆ ನಿಲ್ಲುವುದಿಲ್ಲ. ಈ ಲೆಕ್ಕಕ್ಕೆ ಒಂದು ಹಾಳೆ ಸಾಕು, ಆದರೆ ಅದನ್ನು ಹಣ ಕೊಡುವ ಮೊದಲೇ ಮಾಡಬೇಕು.

ಕಾಗದದ ಲೆಕ್ಕ ಮುಗಿದ ಮೇಲೆ ಅಳತೆಯ ಕೆಲಸವಿದೆ. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುವುದರಿಂದ, ಒಂದೇ ಕಾರ್ಖಾನೆಯ ಒಂದೇ ವಿನ್ಯಾಸದ ಟೈಲುಗಳಲ್ಲಿಯೂ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ ಕಾಣಬಹುದು. ಸಂದೇ ಇಲ್ಲವೆನ್ನುವಷ್ಟು ಒತ್ತಾಗಿ ಹಾಸುವ ಈ ನೆಲದಲ್ಲಿ ಇಪ್ಪತ್ತು ಟೈಲು ದಾಟುವಷ್ಟರಲ್ಲಿ ಸಾಲು ಸೊಟ್ಟಗಾಗುತ್ತದೆ. ಆದ್ದರಿಂದ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಒಂದೊಂದು ಸಾಲಿಗೆ ಒಂದೇ ಗಾತ್ರದವನ್ನು ಕೊಡುತ್ತೇವೆ. ಹಾಸುವ ಮುನ್ನ ಇಡೀ ನೆಲವನ್ನು ಗಾರೆಯಿಲ್ಲದೆ ಒಮ್ಮೆ ಜೋಡಿಸಿ ನೋಡುತ್ತೇವೆ. ಹೆಚ್ಚು ಸವೆದ ಟೈಲುಗಳನ್ನು ಕಪಾಟಿನ ಕೆಳಗೆ ಅಡಗಿಸುವ ಬದಲು ಜನ ಓಡಾಡುವ ದಾರಿಯಲ್ಲಿ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಆ ನುಣುಪು ಅಲ್ಲಿಗೆ ಸಹಜವಾಗಿ ಹೊಂದುತ್ತದೆ.

ಹಾಸುವಾಗ ಸುಣ್ಣದ ಗಾರೆಯನ್ನೇ ಬಳಸಿ ಎಂದು ನಾನು ಒತ್ತಾಯಿಸುತ್ತೇನೆ. ಸುಣ್ಣದಲ್ಲಿ ಕೂರಿಸಿದ ಟೈಲು ಉಳಿಯ ಹಗುರ ಪೆಟ್ಟಿಗೆ ಇಡಿಯಾಗಿ ಏಳುತ್ತದೆ. ನಡುವೆ ಯಾರಾದರೂ ಸಿಮೆಂಟಿನಲ್ಲಿ ಮತ್ತೆ ಕೂರಿಸಿದ ಕಡೆಗಳಲ್ಲಿ ಗಾರೆಗಿಂತ ಮೊದಲು ಟೈಲೇ ಒಡೆಯುವುದನ್ನು ನೋಡಿದ್ದೇನೆ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮಂಗಳೂರಿನ ಸುತ್ತಮುತ್ತ ಈಗ ಹಳೆಯ ಮನೆಗಳನ್ನು ಬಿಚ್ಚುತ್ತಿರುವವರಿಗೂ ಇದು ಉಪಯೋಗಕ್ಕೆ ಬಂದೀತು: ನೆಲವನ್ನು ಎಬ್ಬಿಸುವ ಮೊದಲು ಫೋಟೋ ತೆಗೆದು, ಅಂಚು, ಮೂಲೆ, ನಡುವಿನ ಟೈಲುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಎಣಿಸಿ ಇಡಿ, ಮುರಿದ ಅಂಚಿನ ಟೈಲನ್ನೂ ಎಸೆಯಬೇಡಿ. ಬಾಗಿಲ ಬದಿಯಲ್ಲಿ ಕತ್ತರಿಸಿ ಕೂರಿಸಬೇಕಾದ ಜಾಗಕ್ಕೆ ಅರ್ಧ ಟೈಲೇ ಬೇಕಾಗುತ್ತದೆ.