ನಮ್ಮ ಜನಕ್ಕೆ ಹೊಟ್ಟೆ ಬರೋದು ಜೀನ್‌ನಿಂದಲೇನಾ?

ಜೀವಶಾಸ್ತ್ರ ಪಾಠ ಮಾಡುವವನು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ: "ಸರ್, ಬಿಳಿಯರ ಜೀನ್ ಬೇರೆ, ನಮ್ದು ಬೇರೆ. ಅದಕ್ಕೇ ಅಲ್ವಾ ನಮಗೆ ಹೊಟ್ಟೆ?"

ಜೀನ್‌ಗಳು ಎಲ್ಲರಿಗೂ ಅವೇ. ಅವುಗಳಲ್ಲಿ ಅಲ್ಲಲ್ಲಿ ಡಿಎನ್‌ಎಯ ಒಂದಕ್ಷರ ಬದಲಾಗಿರುತ್ತದೆ. ಆ ಬದಲಾದ ರೂಪ ಯಾವ ಜನರಲ್ಲಿ ಎಷ್ಟು ಹರಡಿದೆ ಅನ್ನುವುದರಲ್ಲಿ ವ್ಯತ್ಯಾಸವಿದೆ. 2007ರಲ್ಲಿ ಎಫ್‌ಟಿಒ ಜೀನ್ ದೊಡ್ಡ ಸುದ್ದಿಯಾಯಿತು. ಅದರ ತೂಕ ಏರಿಸುವ ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿರುವ ಯುರೋಪಿನವರು, ಅದು ಇಲ್ಲದವರಿಗಿಂತ ಸರಾಸರಿ 3 ಕೆಜಿ ಜಾಸ್ತಿ ತೂಗುತ್ತಾರೆ. ಮೂರೇ ಕೆಜಿ! ಆ ರೂಪವೂ ಯುರೋಪಿನಲ್ಲೇ ಹೆಚ್ಚು, ನಮ್ಮಲ್ಲಿ ಕಮ್ಮಿ, ಚೀನಾ, ಜಪಾನ್ ಕಡೆ ಇನ್ನೂ ಕಮ್ಮಿ. ನಮ್ಮ ಹೊಟ್ಟೆಗೆ ಇದನ್ನು ದೂರಿ ಪ್ರಯೋಜನವಿಲ್ಲ.

ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಕಥೆ ಇನ್ನೂ ಮಜವಾಗಿದೆ. ಅಲ್ಲಿ ಸುಮಾರು ಅರ್ಧ ಜನರಲ್ಲಿ ಸಿಆರ್‌ಇಬಿಆರ್‌ಎಫ್ ಜೀನ್‌ನ ಒಂದು ವಿಶೇಷ ರೂಪ ಇದೆ ಅಂತ 2016ರಲ್ಲಿ ಗೊತ್ತಾಯಿತು. ಬೇರೆ ಖಂಡಗಳಲ್ಲಿ ಅದು ತೀರಾ ಅಪರೂಪ. ಎಫ್‌ಟಿಒಗಿಂತ ಜಾಸ್ತಿ ತೂಕ ಏರಿಸುತ್ತದೆ, ಆದರೆ ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನು ಇಳಿಸುತ್ತದೆ! ದಪ್ಪ ಅಂದರೆ ಶುಗರ್ ಅನ್ನುವ ನಮ್ಮ ಲೆಕ್ಕ ಅಲ್ಲಿ ತಲೆಕೆಳಗು.

ನಮ್ಮದು ಇದರ ಉಲ್ಟಾ: ಸಣ್ಣಗಿದ್ದರೂ ಶುಗರ್. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ನೋಡಲು ಇಬ್ಬರೂ ಸಣ್ಣಗೇ. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಭಾರತೀಯರಿಗೆ ಬಿಎಂಐ 25ರ ಬದಲು 23 ದಾಟಿದರೇ ಜಾಸ್ತಿ ತೂಕ ಅನ್ನುವುದು ಇಂಥ ಕಾರಣಕ್ಕೇ.

ಇದೆಲ್ಲ ಜೀನ್‌ದೇ ಕೆಲಸವಾ? ಪೂರ್ತಿ ಅಲ್ಲ. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳು ಹುಟ್ಟುವಾಗ ಸುಮಾರು 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5 ಕೆಜಿ. ಅಷ್ಟು ಪುಟ್ಟ ಮೈಯಲ್ಲೂ ಕಮ್ಮಿಯಾಗಿದ್ದು ಸ್ನಾಯು. ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಇಳಿದಿರಲಿಲ್ಲ. ಬಸುರಿನಲ್ಲಿ ತಾಯಿಗೆ ಏನು ಸಿಕ್ಕಿತು ಅನ್ನುವುದೂ ಇಲ್ಲಿ ಸೇರಿಕೊಂಡಿದೆ.

"ಹಾಗಾದ್ರೆ ಡಿಎನ್‌ಎ ಟೆಸ್ಟ್ ಮಾಡಿಸ್ಲಾ?" ಅಂತ ಮುಂದಿನ ಪ್ರಶ್ನೆ. ಸುಮ್ನೆ ದುಡ್ಡು ದಂಡ. ತೂಕದ ಜೀನ್ ಸ್ಕೋರ್‌ಗಳು (ಹಲವು ಜೀನ್‌ಗಳ ರೂಪ ನೋಡಿ ಹಾಕುವ ಅಂಕ) ಹೆಚ್ಚಾಗಿ ಯುರೋಪಿನವರ ಮಾಹಿತಿಯಿಂದ ಮಾಡಿದವು, ನಮಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ಟೈಲರ್ ಟೇಪ್ ತಗೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ದಾಟಿದ್ದರೆ ಶುಗರ್ ಚೆಕ್ ಮಾಡಿಸಿ.