ನಮ್ಮ ರಬ್ಬರ್ ಡ್ಯಾಮ್ ಸರ್

ಸರ್ ತೀರಿಕೊಂಡ ಸುದ್ದಿ ಬಂದಾಗಿನಿಂದ ಧಾರವಾಡದ ಡೆಂಟಲ್ ಕಾಲೇಜಿನ ಆ ವರ್ಷಗಳೇ ಕಣ್ಣ ಮುಂದೆ. ಓದಿದ ದಪ್ಪ ಪುಸ್ತಕಗಳಲ್ಲಿ ಹೆಚ್ಚಿನದು ಮರೆತಿದೆ. ಸರ್ ಕಲಿಸಿದ ಒಂದು ಮಾತ್ರ ಕೈಯಲ್ಲಿ ಉಳಿದಿದೆ: ಹಲ್ಲಿನ ಮೈ ಶುಚಿಯಾಗಿಲ್ಲದಿದ್ದರೆ ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ಎಂಥ ಬಾಂಡಿಂಗೂ ಹಿಡಿಯಲ್ಲ.

1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಬಳಕೆಗೆ ತಂದ, ಹಲ್ಲಿಗೆ ಉಗುಳು ತಾಗದಂತೆ ಸುತ್ತ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಮೇಲೆ ಸರ್‌ಗೆ ಬಹಳ ಪ್ರೀತಿ. ಅದನ್ನು ಹಾಕದೆ ಯಾರಾದರೂ ಹಲ್ಲಿನ ಬಣ್ಣದ ಫಿಲ್ಲಿಂಗ್ ಆದ ಕಾಂಪೋಸಿಟ್‌ಗೆ ಕೈ ಹಾಕಿದರೆ ಹಿಂದೆ ಬಂದು ನಿಲ್ಲುತ್ತಿದ್ದರು. "ಏನಪಾ ತಮ್ಮಾ, ಉಗುಳಿನ ಮ್ಯಾಲೆ ಮನಿ ಕಟ್ಟಾಕತ್ತೀಯೇನು?"

ಒಮ್ಮೆ ಲ್ಯಾಬಿನಲ್ಲಿ ನಮ್ಮ ಗುಂಪಿಗೆ ಸರ್‌ನ್ನೇ ಪರೀಕ್ಷೆ ಮಾಡುವ ಹುಮ್ಮಸ್ಸು ಬಂತು. ಕಿತ್ತ ಎರಡು ಹಲ್ಲಿಗೆ 37 ಪರ್ಸೆಂಟ್ ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆದು ಒಣಗಿಸಿದೆವು. ಗೆಳೆಯನೊಬ್ಬ ಒಂದಕ್ಕೆ ಉಗುಳು ಸವರಿ ಮತ್ತೆ ಗಾಳಿ ಊದಿದ. ಆಮೇಲೆ ಎರಡಕ್ಕೂ ಬಾಂಡಿಂಗ್, ಕಾಂಪೋಸಿಟ್, ಗಟ್ಟಿಯಾಗಲು ಲೈಟ್. ನೋಡಲಿಕ್ಕೆ ಎರಡೂ ಒಂದೇ. "ಸರ್, ಯಾವುದು ಚಲೋ ಆಗ್ಯದ?" ಅಂತ ಮುಗ್ಧ ಮುಖ ಮಾಡಿ ಕೇಳಿದೆವು. ಸರ್ ಕನ್ನಡಕ ಏರಿಸಿದರು. ಉಪಕರಣದ ತುದಿಯಿಂದ ಅಂಚನ್ನು ಒತ್ತಿದರು. ಒಂದು ಗಟ್ಟಿಯಾಗಿ ನಿಂತಿತು, ಇನ್ನೊಂದು ಟಕ್ ಅಂತ ಹಾರಿ ಬಿತ್ತು. "ಉಗುಳು ಯಾರದು?" ಅಂದರು!

ಬೈಯಲಿಲ್ಲ. ಅವತ್ತಿನ ಪಾಠವೇ ಅದಾಯಿತು. ಆಸಿಡ್ ಕೊರೆದ ಸಣ್ಣ ರಂಧ್ರಗಳಿಗೆ ಬಾಂಡಿಂಗಿನ ರೆಸಿನ್ ಇಳಿಯಬೇಕು. ಉಗುಳಿನ ಪ್ರೋಟೀನ್ ಅಲ್ಲಿ ಕೂತರೆ ಇಳಿಯುವುದು ಹೇಗೆ? ಗಾಳಿ ಊದಿದರೆ ನೀರು ಹೋಗುತ್ತದೆ, ಪ್ರೋಟೀನ್ ಹೋಗಲ್ಲ. ತೊಳೆದು ಮತ್ತೆ ಎಚ್ ಮಾಡಬೇಕು, ಅಂದರೆ ಆಸಿಡ್ ಹಚ್ಚಬೇಕು.

ರಕ್ತದ ವಿಷಯದಲ್ಲಂತೂ ಸರ್ ಇನ್ನೂ ಬಿಗಿ. ರಕ್ತ ನಿಲ್ಲಿಸಲು ನಾವು ಫೆರಿಕ್ ಸಲ್ಫೇಟ್ ಅಥವಾ ಅಲ್ಯೂಮಿನಿಯಂ ಕ್ಲೋರೈಡ್ ಹಚ್ಚುತ್ತೇವೆ. ಆ ಮದ್ದೇ ಹಲ್ಲಿನ ಒಳಪದರವಾದ ಡೆಂಟಿನ್ ಮೇಲೆ ಉಳಿದರೆ ಬಾಂಡಿಂಗಿಗೆ ಅಡ್ಡಿ. ಫೆರಿಕ್ ಸಲ್ಫೇಟ್ ಕಪ್ಪು ಕಲೆಯನ್ನೂ ಬಿಡುತ್ತದೆ. ಆಸಿಡ್ ಹಚ್ಚಿ ತೊಳೆಯುವ ಪದ್ಧತಿಯಲ್ಲಿ ಆ ಮದ್ದು ಬಹುಪಾಲು ಹೋಗುತ್ತದೆ. ಆಸಿಡ್ ಬಾಂಡಿಂಗಿನಲ್ಲೇ ಬೆರೆತಿರುವ ಸೆಲ್ಫ್ ಎಚ್‌ನಲ್ಲಿ ತೊಳೆಯುವ ಹಂತವೇ ಇಲ್ಲವಲ್ಲ, ತೊಂದರೆ ಅಲ್ಲೇ ಜಾಸ್ತಿ. ಅದಕ್ಕೇ ಸರ್ ಒಸಡು ಊದಿ ಬೇಗ ರಕ್ತ ಬರುವವರಿಗೆ ಅವಸರದಲ್ಲಿ ಫಿಲ್ಲಿಂಗ್ ಮಾಡಲು ಬಿಡುತ್ತಿರಲಿಲ್ಲ. "ಮೊದಲ ಕ್ಲೀನ್ ಮಾಡಿ ಕಳಸು. ಎಂಟು ದಿನಾ ಬಿಟ್ಟು ಬರಾಕ ಹೇಳು." ನವಲಗುಂದದ ರೈತರೊಬ್ಬರು ಮತ್ತೆ ಬಸ್ ಹತ್ತಬೇಕಲ್ಲ ಅಂತ ಸಿಟ್ಟಾದಾಗ, ಸರ್ ತಾವೇ ಪಕ್ಕದಲ್ಲಿ ಕೂತು ಸಮಾಧಾನವಾಗಿ ತಿಳಿಸಿ ಹೇಳಿದ್ದರು.

ಈಗ ನನ್ನ ಕ್ಲಿನಿಕ್ಕಿಗೆ ಕಲಿಯಲು ಬರುವ ಹುಡುಗ ಹುಡುಗಿಯರು ಜಾಣರು. ಹೊಸ ಬಾಟಲಿಗಳ ಹೆಸರೆಲ್ಲ ಬಾಯಿಪಾಠ. ಆದರೆ ರಬ್ಬರ್ ಡ್ಯಾಮನ್ನು ಹಲ್ಲಿಗೆ ಹಿಡಿದಿಡುವ ಕ್ಲ್ಯಾಂಪ್ ಹಾಕಲು ಕೈ ತಡವರಿಸುತ್ತದೆ. ಅವರ ತಪ್ಪಲ್ಲ, ಹಿಂದೆ ನಿಂತು ನೋಡುವವರು ಕಡಿಮೆಯಾಗಿದ್ದಾರೆ. ನಾನು ಹಾಕಿದ ಫಿಲ್ಲಿಂಗ್ ಬೇಗ ಬೀಳಲ್ಲ ಅಂತ ರೋಣದ ಕಡೆಯಿಂದಲೂ ಗದಗಿಗೆ ಜನ ಹುಡುಕಿಕೊಂಡು ಬರುತ್ತಾರೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಅದು ಸರ್ ತಿದ್ದಿದ ಕೈ.

ಸರ್ ಹೆಸರಲ್ಲಿ ಪದಕ ಇಡೋಣ ಅಂತ ನಮ್ಮ ಬ್ಯಾಚಿನಲ್ಲಿ ಮಾತು ನಡೆದಿದೆ. ಪದಕ ಒಬ್ಬರಿಗೆ ಸಿಗುತ್ತದೆ. ಅದೇ ದುಡ್ಡಿನಲ್ಲಿ ಲ್ಯಾಬಿಗೆ ರಬ್ಬರ್ ಡ್ಯಾಮ್ ಕಿಟ್‌ಗಳನ್ನು ಕೊಡಿಸೋಣ ಅನ್ನುವುದು ನನ್ನ ಒತ್ತಾಯ. ನನ್ನ ಪಾಲು ತೆಗೆದಿಟ್ಟಿದ್ದೇನೆ.