ಕೋಶದ ಹೊರಗಿನ ಕಿಣ್ವಕ್ಕೆ ಎನ್‌ಎಡಿ ಒದಗಿಸುವ ಕೆಲಸ: ಎಲ್ಲಿಗೆ ಬಂತು

ಇ. ಕೋಲೈ ಬ್ಯಾಕ್ಟೀರಿಯಾದ ಮೈಮೇಲೆ ಸಾರ್ಬಿಟಾಲ್ ಡಿಹೈಡ್ರೋಜಿನೇಸ್ (ಸಾರ್ಬಿಟಾಲನ್ನು ಫ್ರಕ್ಟೋಸ್ ಮಾಡುವ ಕಿಣ್ವ) ಕೂತಿದೆ, ಕೆಲಸವನ್ನೂ ಮಾಡುತ್ತಿದೆ. ರೋಡೋಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದ ಬಂದ ಈ ಕಿಣ್ವ ಎರಡೆರಡು ಪ್ರತಿಗಳು ಜೊತೆಯಾದರೆ ಮಾತ್ರ ದುಡಿಯುತ್ತದೆ. ಹೊರಪೊರೆಯಲ್ಲಿ ಆಟೋಟ್ರಾನ್ಸ್‌ಪೋರ್ಟರ್ ಆಂಕರ್‌ಗಳು (ಕಿಣ್ವವನ್ನು ಪೊರೆಗೆ ಕಟ್ಟಿ ಹಿಡಿಯುವ ಪ್ರೋಟೀನ್‌ಗಳು) ಸರಿದಾಡುವುದರಿಂದ ಜೋಡಿ ತಾನಾಗೇ ಕೂಡುತ್ತದೆ. ಜರ್ಮನಿಯ ಯೋಆಖಿಮ್ ಯೋಸೆ ತಂಡ ಇದನ್ನು 2004ರಲ್ಲೇ ತೋರಿಸಿತ್ತು. ನನಗೆ ಈಗಲೂ ಅದು ಅಚ್ಚರಿಯೇ.

ತೊಡಕು ಎನ್‌ಎಡಿಯದ್ದು, ಅಂದರೆ ಈ ಕಿಣ್ವ ದುಡಿಯಲು ಬೇಕಾದ ಸಹಾಯಕ ಅಣುವಿನದ್ದು. ಕೋಶದೊಳಗೆ ಅದು ಬೇಕಾದಷ್ಟಿದೆ, ಆದರೆ ಒಳಪೊರೆ ದಾಟಿ ಆಚೆ ಬರುವುದಿಲ್ಲ. ಒಂದು ಸಾರ್ಬಿಟಾಲ್ ಫ್ರಕ್ಟೋಸ್ ಆಗಲು ಒಂದು ಎನ್‌ಎಡಿ ಖರ್ಚಾಗಿ ಎನ್‌ಎಡಿಎಚ್ ಆಗುತ್ತದೆ. ಅಷ್ಟೂ ಹೊರಗಿನಿಂದ ಸುರಿದರೆ ದುಬಾರಿ. ಅದಕ್ಕೇ ಪೈರುವೇಟ್ ಮತ್ತು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ (ಎಲ್‌ಡಿಎಚ್) ಎಂಬ ಎರಡನೇ ಕಿಣ್ವ ಹಾಕಿದೆ: ಪೈರುವೇಟ್ ಲ್ಯಾಕ್ಟೇಟ್ ಆಗುವಾಗ ಎನ್‌ಎಡಿಎಚ್ ಮತ್ತೆ ಎನ್‌ಎಡಿ ಆಗುತ್ತದೆ. ಇನ್ನೊಂದು ಲಾಭವೂ ಇದೆ. ತಟಸ್ಥ ಪಿಎಚ್‌ನಲ್ಲಿ ಸಾರ್ಬಿಟಾಲ್ ಕ್ರಿಯೆ ಹಿಂದಕ್ಕೇ, ಅಂದರೆ ಸಾರ್ಬಿಟಾಲ್ ಕಡೆಗೇ, ಜಾಸ್ತಿ ವಾಲುತ್ತದೆ. ಎನ್‌ಎಡಿಎಚ್ ತೆಗೆಯುತ್ತಾ ಹೋದರೆ ಮುಂದಕ್ಕೆ ಸಾಗುತ್ತದೆ.

ಪಿಎಚ್ 8ಕ್ಕೆ ನಿಂತಿದ್ದೇನೆ. ಮೊದಲ ಕಿಣ್ವಕ್ಕೆ ಇನ್ನೂ ಕ್ಷಾರ ಬೇಕು, ಎರಡನೆಯದಕ್ಕೆ ಕಡಿಮೆ ಸಾಕು. ಕ್ಷಾರ ಏರಿದರೆ ಎನ್‌ಎಡಿಯೇ ಕೆಡುತ್ತದೆ.

ಅಳೆಯುವುದೇ ನಿಜವಾದ ಸವಾಲು. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. 0.1 ಮಿಲಿಮೋಲಾರ್ ಎನ್‌ಎಡಿಎಚ್‌ಗೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ (ಅಳತೆಯ ಪಾರದರ್ಶಕ ಪಾತ್ರೆ) ಯಂತ್ರದ ಓದು 0.62. ಎಲ್‌ಡಿಎಚ್ ಇಲ್ಲದಾಗ ಗೆರೆ ಏರುತ್ತದೆ, ಹಾಕಿದರೆ ಚಪ್ಪಟೆ. ಅಂದರೆ ಎನ್‌ಎಡಿ-ಎನ್‌ಎಡಿಎಚ್ ಚಕ್ರ ಚೆನ್ನಾಗಿ ತಿರುಗಿದಷ್ಟೂ ಯಂತ್ರಕ್ಕೆ ಏನೂ ಕಾಣುವುದಿಲ್ಲ! ಕಿಣ್ವ ಸತ್ತಿದ್ದರೂ ಗೆರೆ ಹಾಗೇ ಇರುತ್ತದೆ, ಅಲ್ವಾ? ಆದ್ದರಿಂದ ಫ್ರಕ್ಟೋಸನ್ನೇ ನೋಡಬೇಕು. ರಿಸಾರ್ಸಿನಾಲ್, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಕೆಂಪು ಬರುತ್ತದೆ. ಸಾರ್ಬಿಟಾಲ್‌ಗೆ ಬರುವುದಿಲ್ಲ. ಚಕ್ರ ಇರುವ ನಳಿಗೆಯಲ್ಲಿ ಬಣ್ಣ ಸ್ಪಷ್ಟವಾಗಿ ಗಾಢ. 20 ಮಿಲಿಮೋಲಾರ್ ಸಾರ್ಬಿಟಾಲ್ ಪೂರ್ತಿ ಮುಗಿದರೆ 0.1 ಮಿಲಿಮೋಲಾರ್ ಎನ್‌ಎಡಿಯ ಪ್ರತಿ ಅಣುವೂ 200 ಸಲ ಸುತ್ತಿರಬೇಕು. ಅಲ್ಲಿಗೆ ಇನ್ನೂ ತಲುಪಿಲ್ಲ.

ಒಂದು ಪರೀಕ್ಷೆ ಬಿಡಲೇಬಾರದು: ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ, ಮೇಲಿನ ತಿಳಿಯನ್ನು ಬೇರೆಯಾಗಿ ಪರೀಕ್ಷಿಸುವುದು. ಒಡೆದ ಕೋಶಗಳಿಂದ ಕಿಣ್ವ ಸೋರಿದರೂ ಕೆಂಪು ಬರುತ್ತದೆ. ನಮ್ಮ ತಿಳಿಯಲ್ಲಿ ಚಟುವಟಿಕೆ ತೀರಾ ಕಡಿಮೆ ಇತ್ತು. ಕಿಣ್ವವಿಲ್ಲದೆ ಬರೀ ಆಂಕರ್ ಹೊತ್ತ ಕೋಶಗಳನ್ನೂ ಹೋಲಿಕೆಗೆ ಜೊತೆಗಿಡುತ್ತೇನೆ. ಪೈರುವೇಟನ್ನು ಕೋಶಗಳೂ ತಿನ್ನುತ್ತವೆ, ಹಾಗಾಗಿ ಹೆಚ್ಚಿಗೆ ಹಾಕಬೇಕು.

ಮುಂದೆ ಎಲ್‌ಡಿಎಚ್ ಅನ್ನೂ ಕೋಶದ ಮೇಲೆ ಕೂರಿಸುವ ಆಸೆ. ಅದಕ್ಕೆ ನಾಲ್ಕು ತುಂಡುಗಳು ಸೇರಬೇಕು. ಮೊದಲು ಬೇರೊಂದು ತಳಿಯಲ್ಲಿ ಅದನ್ನೊಂದನ್ನೇ ಕೂರಿಸಿ, ಆಮೇಲೆ ಎರಡೂ ಕೋಶಗಳನ್ನು ಬೆರೆಸಿ ನೋಡುತ್ತೇನೆ.